ಮಾಸ್ಕ್ ಬದಲಾಯಿತು, ಅಂಕಿ ಹಾಗೇ ಉಳಿಯಿತು

ತೂಕದ ಕಾಟಾದ ಮುಂದೆ ನಿಂತಲ್ಲೇ ನಿಜಲಿಂಗಪ್ಪನವರು ತೂಕಡಿಸಿದರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತೂಗುವ ಗುಮಾಸ್ತರು ಅವರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ಮಾಡಿದವರಲ್ಲ. ಹಮಾಲರು ನಕ್ಕರು. ಮಾಲೀಕ ನಗಲಿಲ್ಲ. ಸ್ಕೂಟರಿನ ಕೀಲಿ ಕಸಿದುಕೊಂಡು, ರಿಕ್ಷಾ ಹತ್ತಿಸಿ ಮನೆಗೆ ಕಳಿಸಿದ. ಹೀಗೇ ಆದರೆ ಕಾಟಾಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದೂ ಹೇಳಿದ. ಇದು ೨೦೦೮ರ ಮಾತು.

ವಿಷಯ ಕೇಳಿ ಹೆಂಡತಿ ಕಲ್ಲವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹತೋಟಿಗೆ ಬಂದಿದ್ದ ಕಾಯಿಲೆ ತಿರುಗಿ ಬಂದದ್ದು ಹೇಗೆ?

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಅವರದು. ಎರಡು ವರ್ಷದ ಹಿಂದೆ ಡಾಕ್ಟರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ಪರೀಕ್ಷಿಸಿ, ಯಂತ್ರ ಕೊಟ್ಟಿದ್ದರು. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗಿದರೆ ಯಂತ್ರ ಒತ್ತಡದಿಂದ ಗಾಳಿ ಬಿಡುತ್ತದೆ, ಗಂಟಲು ತೆರೆದಿರುತ್ತದೆ. ಒತ್ತಡದ ಅಂಕಿ ಒಂಬತ್ತು. ಅಂದಿನಿಂದ ಹಸುಗೂಸು ಮಲಗಿದಂತೆ ಮಲಗುತ್ತಿದ್ದರು.

ಆದರೆ ರಾತ್ರಿ ಬಾಯಿ ತೆರೆದುಕೊಂಡು ಒಣಗುತ್ತಿತ್ತು. ತಿಂಗಳ ಹಿಂದೆ ಅಮರ ಮನೆಗೇ ಬಂದು, ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಹಾಕಿಕೊಟ್ಟು, ಅಂಕಿಯನ್ನು ಒಂಬತ್ತರಲ್ಲೇ ಬಿಟ್ಟು ಹೋದ. ಅಮರನದು ಇಂಥ ಸಾಮಾನು ಮಾರುವ ಅಂಗಡಿ. ವಿಜಾಪುರ ಜಿಲ್ಲೆಯ ಇಂಡಿ ಕಡೆಯವನು, ಇವರೂ ಇಂಡಿ ಕಡೆಯವರೇ. ಪರವೂರಿನಲ್ಲಿ ನಮ್ಮವನೊಬ್ಬ ಸಿಕ್ಕ ಮೇಲೆ ಡಾಕ್ಟರನ್ನು ಕೇಳುವುದೆಂದರೆ ಅವನ ಮೇಲೆ ಸಂಶಯಪಟ್ಟ ಹಾಗೆ. ಯಾರೂ ಕೇಳಲಿಲ್ಲ.

“ಆ ಮಷೀನ್ ಅಟ್ಟಕ್ಕ ಹಾಕು. ಬರೇ ಬುರುಡಿ ಅದು” ಎಂದರು ನಿಜಲಿಂಗಪ್ಪನವರು.

ಕಲ್ಲವ್ವ ಹಾಕಲಿಲ್ಲ. ಭಾನುವಾರ ಊಟವಾದ ಮೇಲೆ ಅವಳ ಒತ್ತಾಯಕ್ಕೆ ಗಂಡ ಮಾಸ್ಕ್ ಹಾಕಿಕೊಂಡು ಅಡ್ಡಾದಾಗ, ಪಕ್ಕದಲ್ಲೇ ಮೊರ ಹಿಡಿದು ತೊಗರಿ ಬೇಳೆ ಆರಿಸುತ್ತ ಕುಳಿತಳು. ಯಂತ್ರ ಗುಂಯ್ ಎನ್ನುತ್ತಲೇ ಇತ್ತು, ಉಸಿರು ಮಾತ್ರ ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಒಂದು ಬೇಳೆ ತೆಗೆದು ಬಟ್ಟಲಿಗೆ ಹಾಕಿದಳು. ಒಂದು ತಾಸಿನ ನಂತರ ಎಣಿಸಿ, ಬೇಳೆಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

ಮರುದಿನ ಗಂಡನನ್ನು ಕರೆದುಕೊಂಡು, ಯಂತ್ರ ಹೊತ್ತುಕೊಂಡು ಅಮರನ ಅಂಗಡಿಗೆ ಹೋದಳು. ಗಾಜಿನ ಮೇಜಿನ ಮೇಲೆ ಗಂಟು ಬಿಚ್ಚಿ ಸುರಿದಳು.

“ಬ್ಯಾಳಿ ಮಾರಾಕ ಬಂದೀರೇನ್ರಿ ವೈನಿ?” ಅಮರ ನಕ್ಕ.

“ಒಂದು ತಾಸಿನಾಗ ನಿಮ್ಮ ಅಣ್ಣಾರ ಉಸರು ಇಷ್ಟು ಸಲ ನಿಂತದ. ಇಪ್ಪತ್ತೊಂಬತ್ತು. ನೀನೂ ಎಣಸು.”

ಅಮರನ ನಗು ಇಳಿಯಿತು. ಮಾಸ್ಕಿಗೂ ಇದಕ್ಕೂ ಸಂಬಂಧ ಏನು ಎಂದ. ಬೇಕಾದರೆ ಈಗಲೇ ಒತ್ತಡವನ್ನು ಎರಡು ಅಂಕಿ ಏರಿಸಿಕೊಡುತ್ತೇನೆಂದು ಗುಂಡಿಗೆ ಕೈ ಹಾಕಿದ.

ಕಲ್ಲವ್ವ ಯಂತ್ರವನ್ನು ತನ್ನ ಕಡೆ ಎಳೆದುಕೊಂಡಳು. “ಮುಟ್ಟಬ್ಯಾಡ. ಅಂದಾಜಿನ ಮ್ಯಾಲೆ ಸಾರಿಗೆ ಉಪ್ಪು ಹಾಕಬಹುದು, ಇವರ ಗಂಟಲಿಗಲ್ಲ. ನಮ್ಮಾಂವ ಅಂತ ನಂಬಿದ್ವಿ. ‘ಡಾಕ್ಟರಿಗೆ ಒಂದು ಮಾತು ಕೇಳ್ರಿ’ ಅನ್ನಾಕ ನಿನಗ ಬಾಯಿ ಇರಲಿಲ್ಲ?”

ಅಲ್ಲಿಂದ ಸೀದಾ ಆಸ್ಪತ್ರೆ. ಮೊದಲ ಪರೀಕ್ಷೆ ಮಾಡಿದ್ದ ಮಾಧುರಿ ಅಲ್ಲೇ ಟೆಕ್ನಿಷಿಯನ್, ಇವರ ಗಲ್ಲಿಯ ಕನ್ನಡದ ಹುಡುಗಿ. ಅವಳು ನಿಧಾನವಾಗಿ ತಿಳಿಸಿದಳು. ದೊಡ್ಡ ಮಾಸ್ಕಿನ ಪಟ್ಟಿ ಕೆಲವರ ದವಡೆಯನ್ನು ಹಿಂದಕ್ಕೆ ಎಳೆಯುತ್ತದೆ. ಬಾಯಿಯ ಮೂಲಕ ಬರುವ ಗಾಳಿ ನಾಲಿಗೆಯನ್ನೂ ಹಿಂದಕ್ಕೆ ತಳ್ಳಬಹುದು. ಆಗ ಹಳೆಯ ಒತ್ತಡ ಸಾಲದು. ಕೆಲವರಿಗೆ ಅಂಚಿನಿಂದ ಗಾಳಿ ಸೋರುತ್ತದೆ. ಕೆಲವರಿಗೆ ಏನೂ ಬದಲಿಸಬೇಕಾಗಿಲ್ಲ. ಯಾರಿಗೆ ಏನು ಎಂಬುದು ಅಳೆಯದೆ ತಿಳಿಯುವುದಿಲ್ಲ.

ನಿಜಲಿಂಗಪ್ಪನವರು ತಲೆ ಅಲ್ಲಾಡಿಸಿದರು. ಮಷೀನ್ ಅದೇ, ಗಾಳಿ ಅದೇ, ಇದೆಲ್ಲ ಬಿಲ್ ಏರಿಸುವ ಮಾತು ಎಂದರು.

“ಕಾಕಾ, ಗೋಣಿಚೀಲ ಹೋಗಿ ಪ್ಲಾಸ್ಟಿಕ್ ಚೀಲ ಬಂದ್ರ ಕಾಟಾ ಏನ್ ಮಾಡ್ತೀರಿ?” ಎಂದು ಕೇಳಿದಳು ಮಾಧುರಿ.

“ಖಾಲಿ ಚೀಲ ಇಟ್ಟು ಮತ್ತ ಸೊನ್ನಿಗೆ ತರ್ತೀನಿ. ಇಲ್ಲಂದ್ರ ರೈತಗ ಮೋಸ ಆಗ್ತದ.”

“ಚೀಲಕ್ಕ ಇಷ್ಟು ನ್ಯಾಯ. ನಿಮ್ಮ ಉಸರಿಗೆ?” ಎಂದಳು ಕಲ್ಲವ್ವ. ನಿಜಲಿಂಗಪ್ಪನವರು ಪರೀಕ್ಷೆ ಯಾವತ್ತು ಎಂದಷ್ಟೇ ಕೇಳಿದರು.

ಡಾಕ್ಟರು ಮೊದಲು ಮಾಸ್ಕಿನ ಅಳತೆ, ಸೋರಿಕೆ ನೋಡಿದರು. ಆಮೇಲೆ ಇನ್ನೊಂದು ರಾತ್ರಿ ಮಲಗಿಸಿ ಪರೀಕ್ಷಿಸಿದರು. ಹೊಸ ಮಾಸ್ಕಿಗೆ ಅಂಕಿ ಹನ್ನೆರಡು ಬೇಕಿತ್ತು. ಮೂರು ವಾರದ ಮೇಲೆ ಮತ್ತೆ ನೋಡಿ, ಸ್ಕೂಟರ್ ಓಡಿಸಬಹುದು ಎಂದರು. ಮಾಲೀಕ ಕೀಲಿ ಮರಳಿಸಿದ.

ಕಲ್ಲವ್ವನ ಸಿಟ್ಟು ಅಷ್ಟಕ್ಕೇ ಆರಲಿಲ್ಲ. ಅಮರನ ಅಂಗಡಿಯಲ್ಲಿ ನಿಂತೇ ಮರಾಠಿಯಲ್ಲೂ ಕನ್ನಡದಲ್ಲೂ ಫಲಕ ಬರೆಸಿದಳು: ‘ಮಾಸ್ಕ್ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.’ ಗಿರಾಕಿ ಹೆದರುತ್ತಾರೆ ಎಂದು ಅಮರ ಗೊಣಗಿದ. ಅದು ಗೋಡೆಗೆ ಅಂಟುವ ತನಕ ಅವಳು ಕದಲಲಿಲ್ಲ.

ಮುಂದಿನ ಭಾನುವಾರ ಮತ್ತೆ ಮೊರ ಹಿಡಿದು ಕುಳಿತಳು. ಒಂದು ತಾಸಿಗೆ ಬಟ್ಟಲಲ್ಲಿ ಎರಡೇ ಬೇಳೆ. ಅವನ್ನೂ ಕುಕ್ಕರಿಗೆ ಹಾಕಿದಳು.

ನಿಮ್ಮ ಮನೆಯಲ್ಲೂ ಇಂಥ ಯಂತ್ರವಿದೆಯೇ? ಮಾಸ್ಕಿನ ಬಗೆ ಬದಲಾದರೆ ಅದೇ ವಾರ ಡಾಕ್ಟರಿಗೆ ತಿಳಿಸಿ, ಒತ್ತಡ ಸರಿಯಿದೆಯೇ ಎಂದು ನೋಡಿಸಿ. ಅಂಕಿಯನ್ನು ನೀವೂ ತಿರುಗಿಸಬೇಡಿ, ಅಂಗಡಿಯವನಿಗೂ ಬಿಡಬೇಡಿ. ಗೊರಕೆ, ಹಗಲಿನ ತೂಕಡಿಕೆ ಮರಳಿದರೆ ಗಾಡಿಯ ಕೀಲಿ ತೆಗೆದಿಡಿ, ಯಂತ್ರವನ್ನು ಅಟ್ಟಕ್ಕೆ ಹಾಕಬೇಡಿ. ಮಾರುವವನು ನಿಮ್ಮೂರಿನವನೇ ಆಗಿರಲಿ, ಕೇಳಿ. ಉಸಿರು ನಿಮ್ಮ ಮನೆಯವರದು.