ಆಯಮ್ಮನ ಕಟ್ಟು, ಸಿಸ್ಟರ್ ಸಹಿ

ಸುಟ್ಟಗಾಯದ ವಾರ್ಡಿನ ಆಯಮ್ಮನ ಕೈಗುಣ ಇಡೀ ಆಸ್ಪತ್ರೆಗೇ ಗೊತ್ತಿತ್ತು. ಗೊತ್ತಿಲ್ಲದ್ದು ಕಾಗದಕ್ಕೆ ಮಾತ್ರ. ಸುಟ್ಟಗಾಯಕ್ಕೆ ಅಂಟಿದ ಬಟ್ಟೆಯನ್ನು ನೆನೆಸಿ, ರೋಗಿಯ ಜೊತೆ ಏನಾದರೂ ಹರಟುತ್ತ, ಚರ್ಮ ಕಿತ್ತುಬರದ ಹಾಗೆ ಬಿಡಿಸುವುದು ಅವಳಿಂದಲೇ ಆಗಬೇಕು. ಆಯಾಗಳು ಗಾಯ ಮುಟ್ಟಬಾರದೆಂದು ನಿಯಮವಿತ್ತು. ನಲವತ್ತು ಹಾಸಿಗೆಗೆ ಇದ್ದ ನರ್ಸುಗಳು ಮಾತ್ರ ಇಬ್ಬರೇ. ಹಾಗಾಗಿ ಕಟ್ಟು ಅವಳು ಕಟ್ಟುತ್ತಿದ್ದಳು, ಕೇಸ್ ಶೀಟಿಗೆ ಸಹಿಯನ್ನು ಹೆಡ್ ಸಿಸ್ಟರ್ ಹಾಕುತ್ತಿದ್ದರು. ಹತ್ತೊಂಬತ್ತು ವರ್ಷ ಎಲ್ಲರೂ ಕಂಡೂ ಕಾಣದ ಹಾಗಿದ್ದರು.

ಆ ವರ್ಷ ಸರ್ಕಾರ ಆಯಾಗಳಿಗೂ ನರ್ಸಿಂಗ್ ಓದಲು ವಿದ್ಯಾರ್ಥಿವೇತನ ಕೊಡುತ್ತೇನೆಂದಿತು. ವಯಸ್ಸು ನಲವತ್ತು ತುಂಬಿರಬಾರದು. ಅವಳಿಗೆ ಆಗಲೇ ಮೂವತ್ತೊಂಬತ್ತು ತುಂಬಿತ್ತು.

"ಈ ವಯಸ್ಸಲ್ಲಿ ಬ್ಯಾಗ್ ಹಾಕ್ಕೊಂಡು ಹೋಗ್ತೀಯಾ? ಅಮ್ಮ ಮಗಳು ಒಂದೇ ಬೆಂಚಲ್ಲಿ ಕೂತ್ಕೊಳ್ಳಿ ಬಿಡಿ!" ಎಂದು ಗಂಡ ನಕ್ಕ. ನಕ್ಕವನೇ ಅಂಗಡಿಗೆ ಹೋಗಿ ಹೊಸ ಪೆನ್ನು ತಂದುಕೊಟ್ಟ.

ಅರ್ಜಿಯ ಒಂದು ಪುಟವನ್ನು ಹೆಡ್ ಸಿಸ್ಟರ್ ತುಂಬಬೇಕಿತ್ತು: ರೋಗಿಗಳ ಆರೈಕೆಯಲ್ಲಿ ಇವಳಿಗಿರುವ ಅನುಭವವೇನು? ಅವರು ಅದನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡರು. ನಿಜ ಬರೆದರೆ ಇಷ್ಟು ವರ್ಷ ಹಾಕಿದ ಸಹಿಗಳೆಲ್ಲ ಸುಳ್ಳೆಂದು ತಾವೇ ಒಪ್ಪಿದಂತೆ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಅತ್ತ ದರಿ, ಇತ್ತ ಪುಲಿ. ಕೊನೆಗೆ ನೆಲ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಹಾಸಿಗೆ ಬದಲಿಸುವುದು ಎಂದು ಬರೆದರು.

ಅನುಭವ ಸಾಲದು ಎಂದು ಉತ್ತರ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ಅರ್ಜಿ ಹಾಕೋಣವೆಂದರೆ ವಯಸ್ಸು ಮೀರುತ್ತದೆ. ಬಟ್ಟೆಯ ಕೋಣೆಯಲ್ಲಿ, ಮಡಚಿಟ್ಟ ಹೊದಿಕೆಗಳ ನಡುವೆ ಕೂತು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಹೆಡ್ ಸಿಸ್ಟರ್ ಬಾಗಿಲಲ್ಲಿ ಬಂದು ನಿಂತರು.

"ನಿಂಗೆ ಅನ್ಯಾಯ ಮಾಡ್ದೆ ಕಣೇ. ಬೈಯಾದ್ರೂ ಬೈ."

"ಬೈದ್ರೆ ಏನ್ ಬಂತು ಸಿಸ್ಟರ್? ಇನ್ಮೇಲೆ ನೆಲ ಒರೆಸ್ಕೊಂಡಿರ್ತೀನಿ. ನೀವೇ ಬರ್ದಿದೀರಲ್ಲ."

ಆ ಹಟ ಹನ್ನೊಂದು ಗಂಟೆಯವರೆಗೆ ನಿಂತಿತು. ಹನ್ನೊಂದಕ್ಕೆ ಆರನೇ ಹಾಸಿಗೆಯ ತಾತನ ಸುಟ್ಟ ಕಾಲಿನ ಕಟ್ಟು ಬಿಚ್ಚಲು ಹೊಸ ನರ್ಸ್ ಹುಡುಗಿ ಕೂತಳು. ನೆನೆಸದೆಯೇ ಬಟ್ಟೆಯ ತುದಿ ಹಿಡಿದೆಳೆದಳು. ತಾತ ಕಿರುಚಿದ. ಆಯಮ್ಮ ಒರೆಸಿದ ಜಾಗವನ್ನೇ ಮೂರು ಸಲ ಒರೆಸಿದಳು. ತಾತ ಮತ್ತೆ ಕಿರುಚಿದ. ಹಾಳಾದ ಕರುಳು, ಹೇಳಿದ ಮಾತು ಕೇಳಬೇಕಲ್ಲ! ಒರೆಸುಕೋಲನ್ನು ಗೋಡೆಗೊರಗಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬಂದಳು.

"ಸ್ವಲ್ಪ ಸರ್ಕೊಳ್ಳಮ್ಮ. ತಾತ, ಮೊಮ್ಮಗು ನಡೆಯೋಕೆ ಶುರು ಮಾಡ್ತಾ?"

ತಾತ ಮೊಮ್ಮಗುವಿನ ಕತೆ ಮುಗಿಸುವುದರೊಳಗೆ ಹಳೆಯ ಬಟ್ಟೆ ಕಳಚಿ ಬಂದಿತ್ತು. ಅವನು ಕೆಳಗೆ ನೋಡಿ ಬೆರಗಾದ.

"ನಿನ್ ಕೈಯಲ್ಲಿ ನೋವೇ ಗೊತ್ತಾಗಲ್ಲ ತಾಯಿ. ನೀನ್ಯಾಕೆ ನರ್ಸ್ ಆಗ್ಲಿಲ್ಲ?"

ಕೇಸ್ ಶೀಟ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಹೆಡ್ ಸಿಸ್ಟರ್ ಮುಖ ಆಚೆ ತಿರುಗಿಸಿದರು.

"ಅನುಭವ ಸಾಲದಂತೆ ತಾತ," ಎಂದಳು ಆಯಮ್ಮ. "ಕಾಲು ಅಲ್ಲಾಡಿಸ್ಬೇಡಿ."