ನೀಲಾಂಬಿಕೆಯ ಅಕ್ಷರಪೆಟ್ಟಿಗೆ

ನಾನು ಗೇಣುದ್ದದ ಒಂದು ತೇಗದ ಪೆಟ್ಟಿಗೆ. ನನ್ನ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಒಂದೊಂದೂ ಹುಣಸೆಬೀಜದಷ್ಟು ದಪ್ಪದ ಮರದ ಬಿಲ್ಲೆ. ಬೆಟಗೇರಿಯ ದ್ಯಾಮಣ್ಣ ಬಡಿಗೇರ ಯಾರದೋ ಬಾಗಿಲುವಾಡ ಮಾಡಿ ಉಳಿದ ತುಂಡಿನಿಂದ ನನ್ನನ್ನು ಮಾಡಿದನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸೀಮೆಸುಣ್ಣದಲ್ಲಿ ಬರೆದುಕೊಟ್ಟದ್ದನ್ನು ನೋಡಿ ನೋಡಿ, ದೇವರ ಪಾದ ಕೆತ್ತುವವನ ಹಾಗೆ ಉಸಿರು ಹಿಡಿದು ಕೆತ್ತಿದನು. ಮುಚ್ಚಳದ ಮೇಲೆ ಒಂದು ಸಣ್ಣ ಕಾಲುವೆ ತೋಡಿದನು. ಅಕ್ಷರಗಳನ್ನು ಅದರಲ್ಲಿ ಸಾಲಾಗಿ ನಿಲ್ಲಿಸಬಹುದು.

ನನ್ನನ್ನು ಮಾಡಿಸಿದವರು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರಾದ ಗುರುಪಾದಪ್ಪ ಹಲಗಲಿ. ಅವರು ಕಾಲುವೆಯಲ್ಲಿ ಏಳು ಅಕ್ಷರ ನಿಲ್ಲಿಸಿ, "ಇದರಾಗ ಎಷ್ಟು ಶಬ್ದ ಅಡಗ್ಯಾವು, ಹುಡುಕ್ರಿ" ಎನ್ನುತ್ತಿದ್ದರು. ಹುಡುಕಿದರೆ ಸಾಲದು. ಸಿಕ್ಕ ಶಬ್ದಕ್ಕೆ ಹುಡುಗರು ತಮ್ಮ ಮನೆಯಲ್ಲಿ ಒಂದು ಜಾಗ ತೋರಿಸಬೇಕಿತ್ತು. ತೋರಿಸದಿದ್ದರೆ ಆ ಶಬ್ದ ಲೆಕ್ಕಕ್ಕಿಲ್ಲ.

ಅವರ ಒಬ್ಬಳೇ ಮಗಳು ನೀಲಾಂಬಿಕೆ, ತಾಯಿಯಿಲ್ಲದ ಕೂಸು, ಈ ಆಟದಲ್ಲಿಯೇ ಬೆಳೆದಳು. ಒಮ್ಮೆ ಪಿ, ಎಲ್, ಎ, ಎನ್, ಇ, ಟಿ, ಎಸ್ ನಿಂತಿದ್ದವು. ಅವಳು ಸಾಲ್ಟ್ ಎಂಬ ಶಬ್ದ ತೆಗೆದು, "ನಮ್ಮಪ್ಪ ಅಡಿಗಿ ಮಾಡಿದ ದಿನ ಇದು ಸಾರಿನಾಗ ಎರಡು ಸಲ ಬೀಳತೈತಿ" ಎಂದಳು. ಮಾಸ್ತರರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅಷ್ಟು ನಗುವನ್ನು ಮುಂದೆ ನಾನು ಆ ಮುಖದಲ್ಲಿ ಕಾಣಲಿಲ್ಲ.

ಹದಿನಾರರ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿತು. ಸಂಜೆಯ ಜ್ವರ ಬಿಡಲಿಲ್ಲ. ಬೆಳಗಾವಿಯ ಆಚೆ ಗುಡ್ಡದ ಮೇಲಿದ್ದ ಕ್ಷಯದ ಆಸ್ಪತ್ರೆಗೆ ಅವಳನ್ನು ಸೇರಿಸಿದರು. ಜೊತೆಯಲ್ಲಿ ನನ್ನನ್ನೂ ಕಳಿಸಿದರು. ಆ ಕಾಲದಲ್ಲಿ ಇಂದಿನ ಔಷಧಗಳು ನಮ್ಮ ಸೀಮೆಗೆ ಬಂದಿರಲಿಲ್ಲ. ಗಾಳಿ, ಹಾಲು, ಹಾಸಿಗೆ; ಅದರಿಂದ ಆಗದಿದ್ದರೆ ಕತ್ತಿ. ಊಟದ ಮೇಲೆ ಎರಡು ತಾಸು ಯಾರೂ ಮಾತಾಡಬಾರದು, ಪುಪ್ಪುಸಕ್ಕೆ ವಿಶ್ರಾಂತಿ. ಆ ಮೌನದಲ್ಲಿ ಆಡಲು ಇದ್ದದ್ದು ನಾನೊಂದೇ.

ಪಕ್ಕದ ಮಂಚದಲ್ಲಿ ಮಾರ್ಥಾ ಇದ್ದಳು. ದಾದಿಯ ಕೆಲಸ ಕಲಿಯುವಾಗಲೇ ರೋಗ ಅಂಟಿಸಿಕೊಂಡವಳು. ಮಿಶನ್ ಶಾಲೆಯ ಇಂಗ್ಲಿಷ್, ಬಾಯಿ ಮೆಣಸಿನಕಾಯಿ. ಇಬ್ಬರೂ ಮುಚ್ಚಳವನ್ನು ಮಂಚಗಳ ನಡುವೆ ಇಟ್ಟುಕೊಂಡು ಬೆರಳಿನಲ್ಲೇ ಆಡುತ್ತಿದ್ದರು.

ಭಾನುವಾರ ಮಾಸ್ತರರು ಬರುತ್ತಿದ್ದರು. ಬಂದವರು ಪಡಸಾಲೆಯ ಮರದ ಸರಳುಗಳ ಕಟಾಂಜನದ ಹೊರಗೆ ನಿಲ್ಲಬೇಕು, ರೋಗಿಯನ್ನು ಮುಟ್ಟುವಂತಿಲ್ಲ. ಅವರು ಹೇಳಿದ ಏಳು ಅಕ್ಷರಗಳನ್ನು ಮಗಳು ನಿಲ್ಲಿಸಿಕೊಳ್ಳುವಳು. ಮುಂದಿನ ಭಾನುವಾರದೊಳಗೆ ಶಬ್ದಗಳನ್ನು ಹುಡುಕಿ ಒಪ್ಪಿಸುವಳು.

"ನಿಮ್ಮಪ್ಪ ಕನ್ಯಾ ನೋಡಾಕ ಬಂದಂಗ ಶಬ್ದ ನೋಡಾಕ ಬರ್ತಾರಲ್ಲೇ!" ಎಂದು ಮಾರ್ಥಾ ಅಣಕಿಸುತ್ತಿದ್ದಳು.

ಮಳೆಗಾಲ ಹಿಡಿಯಿತು. ನೀಲಾಂಬಿಕೆಗೆ ಕೈ ಎತ್ತುವುದೂ ಭಾರವಾಯಿತು. ಅಕ್ಷರಗಳನ್ನು ನೋಡುತ್ತಲೇ ಕಣ್ಣು ಮುಚ್ಚುವಳು. ಭಾನುವಾರ ಹತ್ತಿರವಾದಾಗ ಅತ್ತಳು.

"ಅಪ್ಪ ಬರೂದು ಅದೊಂದಕ್ಕ ಮಾರ್ಥಾ. ಇಲ್ಲಂದ್ರ ಮಾರಿ ಸಣ್ಣದು ಮಾಡಿಕೊಂಡು ಗುಡ್ಡಾ ಇಳೀತಾರ."

"ಅದಕ್ಯಾಕ ಅಳ್ತಿ, ಹುಚ್ಚಿ? ಶಬ್ದ ನಾ ಹುಡುಕತೀನಿ. ನೀ ಬರೇ ಹೇಳು."

ಹಾಗೆಯೇ ನಡೆಯಿತು. ಶಬ್ದ ಮಾರ್ಥಾಳದು, ಮನೆ ನೀಲಾಂಬಿಕೆಯದು. ತಮ್ಮ ಮನೆಯ ಜಂತಿ, ಒಲೆ, ಬಚ್ಚಲಿನ ಗೂಡು ಮಗಳ ಬಾಯಿಂದ ಸರಿಯಾಗಿಯೇ ಬರುತ್ತಿದ್ದುದರಿಂದ ಮಾಸ್ತರರಿಗೆ ಸಂಶಯ ಬರಲಿಲ್ಲ. ವಾರದಿಂದ ವಾರಕ್ಕೆ ಶಬ್ದಗಳು ದೊಡ್ಡವಾದವು. ಮಾಸ್ತರರ ಮುಖ ಅರಳುತ್ತ ಹೋಯಿತು.

ಒಂದು ಭಾನುವಾರ ಡಾಕ್ಟರ್ ತೊರಗಲ್ಲರು ಕಟಾಂಜನದ ಬಳಿಗೆ ಬಂದರು. "ಮಾಸ್ತರ, ಬಲಗಡೆ ಪುಪ್ಪುಸ ಕೆಟ್ಟದ. ಪಕ್ಕೆಲುಬು ತಗದು ಅದನ್ನ ಕುಗ್ಗಿಸಬೇಕು. ಎಡಗಡೆಗೆ ಹಬ್ಬೂದ್ರೊಳಗ ಆಗಬೇಕು. ನಿಮ್ಮ ಸಹಿ ಬೇಕು."

ಮಾಸ್ತರರು ಮಗಳನ್ನು ನೋಡಿದರು. ಅವಳು ನಿದ್ದೆ ಹೋದಂತಿದ್ದಳು. "ಸಾಹೇಬ್ರ, ಈಗಷ್ಟ ಎಂಥೆಂಥಾ ಶಬ್ದ ಒಪ್ಪಿಸಿದ್ಲು ನನ್ನ ಮಗಳು! ಮೈ ಕೆಡಾಕ ಹತ್ತಿದ್ರ ಬುದ್ಧಿ ಹಿಂಗ ಓಡತಿತ್ತೇನ್ರಿ? ದೇವರು ಕಣ್ಣು ತೆರದಾನ. ಕತ್ತಿ ಯಾಕ? ಆಷಾಢ ಕಳೀಲಿ, ಶ್ರಾವಣದಾಗ ನೋಡೂಣು."

"ಶಬ್ದದ್ದಲ್ಲ ಮಾಸ್ತರ, ನಾ ಹೇಳೂದು ಎದಿದು" ಎಂದರು ಡಾಕ್ಟರು. ಆದರೆ ಮಾಸ್ತರರು ಕೈಮುಗಿದು ಗುಡ್ಡ ಇಳಿದರು. ನೀಲಾಂಬಿಕೆ ಕಣ್ಣು ತೆರೆದಳು. ಅವಳು ಎಲ್ಲವನ್ನೂ ಕೇಳಿದ್ದಳು.

ಹೇಳಬೇಕೆಂದು ಅವಳು ಒದ್ದಾಡಿದಳು. ಹೇಳಿದರೆ ಅಪ್ಪನ ಸಂತೋಷ ಹೋಗುತ್ತದೆ. ಕತ್ತಿಯ ಭಯವೂ ಇತ್ತು. ಆಷಾಢವೆಲ್ಲ ಹೀಗೆ ಕಳೆಯಿತು. ಶ್ರಾವಣದ ಮೊದಲ ವಾರ ತಗಡಿನ ಬಟ್ಟಲಿನಲ್ಲಿ ರಕ್ತ ಬಿತ್ತು. ಆ ಭಾನುವಾರ ಮಾಸ್ತರರು ಅಕ್ಷರ ಹೇಳಲು ಬಾಯಿ ತೆರೆದಾಗ ಅವಳು ತಡೆದಳು.

"ಅಪ್ಪಾ, ಆಟ ಬ್ಯಾಡ. ಆ ಶಬ್ದ ನನ್ನವಲ್ಲ. ಎಲ್ಲಾ ಮಾರ್ಥಾಂದು. ನನಗ ಈಗ ಅಕ್ಷರ ಕೂಡಂಗಿಲ್ಲ. ಸಹಿ ಹಾಕಿ ಹೋಗು."

ಮಾಸ್ತರರು ನೇರ ಡಾಕ್ಟರರ ಕೋಣೆಗೆ ನಡೆದರು. ಸಹಿ ಹಾಕಿದರು. ಡಾಕ್ಟರು ಹೊಸದಾಗಿ ಎದೆಯ ಎಕ್ಸ್‌ರೇ ಚಿತ್ರ ತೆಗೆಸಿ ನೋಡಿದರು. ರೋಗ ಎಡಗಡೆಗೂ ಹಬ್ಬಿತ್ತು. ಇನ್ನು ಕತ್ತಿಗೆ ಕೆಲಸವಿರಲಿಲ್ಲ.

ದೀಪಾವಳಿಯ ಮೊದಲೇ ಅವಳು ತೀರಿಕೊಂಡಳು. ಅವಳ ಸೀರೆ, ಹಾಸಿಗೆಗಳನ್ನು ಸುಟ್ಟರು. ನನ್ನನ್ನೂ ಎಸೆಯಲು ಬಂದ ಆಯಾಳ ಕೈಯಿಂದ ಮಾರ್ಥಾ ಕಸಿದುಕೊಂಡು, ಔಷಧದ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು.

ಮಗಳಿಗೆ ಮಣ್ಣು ಕೊಟ್ಟ ಮೇಲಿನ ಭಾನುವಾರವೂ ಮಾಸ್ತರರು ಬಂದರು. ಹಣೆಯಲ್ಲಿ ವಿಭೂತಿ ದಪ್ಪಗಿತ್ತು. ಖಾಲಿ ಮಂಚವನ್ನು ನೋಡದೆ ಮಾರ್ಥಾಳನ್ನು ಕೇಳಿದರು.

"ನಿನಗ ಬೈಯ್ಯಾಕ ಬಂದಿಲ್ಲವ್ವಾ. ಒಂದು ಕೇಳತೀನಿ. ಮಳಿಗಾಲ ಹಿಡದ ಮ್ಯಾಲೆ ಅಕಿ ಒಂದರ ಶಬ್ದ ತಾನ ಹುಡುಕಿದ್ಲೇನು?"

ಮಾರ್ಥಾ ತಡೆಯದೆ, "ಹುಡುಕಿದ್ಲ್ರೀ ಅಪ್ಪಾರ. ಭಾಳ ಹುಡುಕಿದ್ಲು" ಎಂದಳು.

ಅವರು ತಲೆಯಾಡಿಸಿದರು. ನನ್ನ ಕಡೆ ಕೈ ನೀಡಿ, ಹಿಂದಕ್ಕೆ ತೆಗೆದುಕೊಂಡರು. "ಇದು ನಿನ್ನ ಹತ್ರನ ಇರಲಿ" ಎಂದು ಇಳಿದುಹೋದರು.

ಮಾರ್ಥಾ ಬದುಕಿದಳು. ದಾದಿಯಾಗಿ ಅದೇ ಗುಡ್ಡದಲ್ಲಿ ತಲೆ ಹಣ್ಣಾಗುವವರೆಗೆ ದುಡಿದಳು. ರೋಗಿಗಳ ಮಂಚಕ್ಕೆ ನನ್ನನ್ನು ಕೊಡುತ್ತಿದ್ದಳು. ಭಾನುವಾರ ಮಾತ್ರ ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ಈಗ ಅವಳೂ ಇಲ್ಲ. ಅವಳ ತಂಗಿಯ ಮನೆಯ ಮೇಲಟ್ಟದಲ್ಲಿ ಹಳೆಯ ಪ್ರಾರ್ಥನೆಯ ಪುಸ್ತಕಗಳ ಪಕ್ಕದಲ್ಲಿ ನಾನಿದ್ದೇನೆ. ಗೆದ್ದಲು ಒಂದು ಬದಿಯಿಂದ ಬರುತ್ತಿದೆ.

ಮಳೆಗಾಲದಲ್ಲಿ ನೀಲಾಂಬಿಕೆ ನನ್ನಿಂದ ಒಂದು ಶಬ್ದವನ್ನೂ ತೆಗೆಯಲಿಲ್ಲ. ಅದು ನನಗೆ ಗೊತ್ತು. ಮಾಸ್ತರರಿಗೂ ಗೊತ್ತಾಗಿತ್ತೆಂದು ನನ್ನ ಎಣಿಕೆ. ದೇವರು ಮಾರ್ಥಾಳ ಆ ಸುಳ್ಳನ್ನು ಕ್ಷಮಿಸಲಿ, ಅದಕ್ಕಿಂತ ಮುಂಚಿನವುಗಳನ್ನೂ ಕ್ಷಮಿಸಲಿ. ಅವೆಲ್ಲವೂ ಪ್ರೀತಿಯಿಂದಲೇ ಹೇಳಿದ ಸುಳ್ಳುಗಳು. ನನಗೆ ಭಯವಾಗುವುದು ಅದಕ್ಕೇ.