ಎದ್ದು ನಿಲ್ಲದ ಮೆಕ್ಯಾನಿಕ್

ಜ್ಯಾಕ್ ಜಾರಿ ಲಾರಿ ಬೆನ್ನ ಮೇಲೆ ಕೂತ ದಿನದಿಂದ ಮೆಕ್ಯಾನಿಕ್‌ನ ಸೊಂಟದ ಕೆಳಗೆ ಜೀವವಿರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ದೇವರ ಸುದ್ದಿ ಎತ್ತಿದವರನ್ನು ಗ್ಯಾರೇಜಿನಲ್ಲಿ ಹೇಗೆ ಆಡಿಕೊಂಡು ನಗುತ್ತಿದ್ದನೋ, ಗಾಲಿಕುರ್ಚಿಯಲ್ಲಿ ಕೂತೂ ಹಾಗೇ ನಗುತ್ತಿದ್ದ. ಚರ್ಚಿನಲ್ಲಿ ಪ್ರಾರ್ಥಿಸಿದರೆ ಕೈಕಾಲು ಬಿದ್ದವರೂ ಎದ್ದು ಓಡುತ್ತಾರೆಂದು ಯಾರೋ ಅವನ ಅಕ್ಕನ ಕಿವಿ ಊದಿದ್ದರು. ಅವಳು ಹಟ ಹಿಡಿದು ಒಂದು ಭಾನುವಾರ ಅವನನ್ನು ಚರ್ಚಿಗೆ ತಳ್ಳಿಕೊಂಡು ಹೊರಟಳು. ಅವಳ ಕಾಟ ತಪ್ಪಿದರೆ ಸಾಕೆಂದು ಅವನೂ ಸುಮ್ಮನಾದ.

ಪಾಸ್ಟರ್ ಅವನ ತಲೆಯ ಮೇಲೆ ಕೈಯಿಟ್ಟು, ಗಂಟಲು ಹರಿಯುವಂತೆ, "ಯೇಸುವಿನ ಹೆಸರಲ್ಲಿ ಎದ್ದೇಳು!" ಎಂದರು. ಸಭೆಯೆಲ್ಲ ಕತ್ತು ಚಾಚಿ ನೋಡಿತು. ಅವನು ಏಳಲಿಲ್ಲ.

"ಸ್ವಲ್ಪ ಪ್ರಯತ್ನನಾದ್ರೂ ಮಾಡೋ," ಅಕ್ಕ ಪಿಸುಗುಟ್ಟಿದಳು.

"ಎಂಜಿನ್ನೇ ಇಲ್ಲದ ಗಾಡೀಲಿ ಕೂತು ಹಾರ್ನ್ ಹೊಡೆದ್ರೆ ಏನಕ್ಕಾ ಬಂತು?"

ಕೆಲವು ತಿಂಗಳು ಹೀಗೇ ನಡೆದು, ಅಕ್ಕನಿಗೆ ದೇವರ ಮೇಲೆ ಮುನಿಸು ಬಂತು. ಚರ್ಚಿನ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಬಿಡದವನು ತಮ್ಮ. ಶಿಲುಬೆಗೆ ಮೊಳೆ ಹೊಡೆಸಿಕೊಂಡು, ಕೈಕಾಲು ಅಲ್ಲಾಡಿಸಲಾಗದೆ ನೇತಾಡಿದವನ ಕಥೆ ಕೇಳಿದ ದಿನ ಅವನ ನಗು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ತಾಕತ್ತಿದ್ದರೆ ಇಳಿದು ಬಾ ಎಂದು ಕೆಳಗೆ ನಿಂತವರು ಅಣಕಿಸಿದರಂತೆ. ಅವನು ಇಳಿಯಲಿಲ್ಲವಂತೆ. ಇವನಿಗೆ ನನ್ನ ಪಾಡು ಗೊತ್ತು ಎಂದುಕೊಂಡ ಮೆಕ್ಯಾನಿಕ್.

"ಕಾಲಂತೂ ಬರ್ಲಿಲ್ಲ, ಇನ್ನೂ ಯಾಕೋ ಹೋಗ್ತೀಯ?"

"ಕಾಲಿಗೋಸ್ಕರ ಹೋಗ್ತಿದ್ದವಳು ನೀನು ಕಣಕ್ಕಾ. ನಾನು ಅವನಿಗೋಸ್ಕರ ಹೋಗ್ತೀನಿ."

ಅಷ್ಟರಲ್ಲಿ ಪಾಸ್ಟರ್ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಗೆ ಬಂದವರೆಲ್ಲ ಚರ್ಚಿನಲ್ಲಿ ಅವರು ಮಾಡಿದ್ದ ಉಪದೇಶಗಳನ್ನು ಅವರಿಗೇ ಒಪ್ಪಿಸಿ ಹೋದರು. ನಂಬಿಕೆ ಎಲ್ಲಿ ಸಡಿಲವಾಯಿತು ಎಂದು ಸಭೆಯ ಹಿರಿಯರೊಬ್ಬರು ಕೇಳಿಯೂಬಿಟ್ಟರು. ಪಾಸ್ಟರ್ ಗೋಡೆಯ ಕಡೆ ಮುಖ ತಿರುಗಿಸಿದರು.

ಮೆಕ್ಯಾನಿಕ್ ಕುರ್ಚಿ ಉರುಳಿಸಿಕೊಂಡು ಒಳಗೆ ಬಂದಾಗ, ಸೇಡು ತೀರಿಸಿಕೊಳ್ಳಲೇ ಬಂದನೆಂದು ಅವರು ಬಿಳಿಚಿಕೊಂಡರು.

"ಏನಪ್ಪಾ, ನೀನೂ ಎದ್ದೇಳು ಅಂತೀಯಾ?"

"ಇಲ್ಲ ಅಯ್ಯನವರೇ. ಬೆಡ್‌ಪ್ಯಾನ್ ಕೇಳೋಕೆ ನಾಚಿಕೆ ಆಗ್ತಿದ್ರೆ ಹೇಳಿ, ನಾನು ನರ್ಸಮ್ಮನ್ನ ಕೂಗ್ತೀನಿ."

ಪಾಸ್ಟರ್ ಮೊದಲು ನಕ್ಕರು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಬೆನ್ನು ಹುಣ್ಣಾಗದಂತೆ ದಿಂಬು ಎಲ್ಲೆಲ್ಲಿ ಕೊಡಬೇಕು ಎಂದು ತೋರಿಸಿದ. ಹೊರಡುವಾಗ ಅವರು ಪ್ರಾರ್ಥನೆ ಮಾಡೆಂದರು. ದೊಡ್ಡ ಮಾತು ಅವನಿಗೆ ಬಾರದು. "ಸ್ವಾಮಿ, ಇವರ ಜೊತೆಗಿರು," ಎಂದಷ್ಟೇ ಹೇಳಿದ.

ಪಕ್ಕದ ಮಂಚದ ಮುದುಕ ಎಲ್ಲ ನೋಡುತ್ತಿದ್ದ. "ಇಲ್ಲೂ ಸ್ವಲ್ಪ ಬಂದು ಹೋಗಪ್ಪಾ," ಎಂದು ಕರೆದ. ಮಾರನೆಯ ದಿನ ಅವನಾಚೆಯ ಮಂಚದವನು ಕರೆದ.

ಈಗ ಬೆಳಗಾದರೆ ಮೆಕ್ಯಾನಿಕ್ ಮನೆಯಲ್ಲಿ ಸಿಗುವುದಿಲ್ಲ. ಕಾಲು ಗಟ್ಟಿಯಿದ್ದಾಗಲೂ ಇವನು ಇಷ್ಟು ಅಲೆದವನಲ್ಲ ಎಂದು ಅಕ್ಕ ನೆರೆಯವರ ಮುಂದೆ ಗೊಣಗುತ್ತಾಳೆ. ಆಸ್ಪತ್ರೆಯಲ್ಲಿ ಯಾರಿಗೆ ಊಟ ಬಂದಿರುವುದಿಲ್ಲವೋ ಎಂದು, ಡಬ್ಬಿಯನ್ನು ಮಾತ್ರ ಇಬ್ಬರಿಗಾಗುವಷ್ಟು ಕಟ್ಟಿಕೊಡುತ್ತಾಳೆ.